ಒಂದರ ಗುಣ ಒಂದಕ್ಕೆ

ಆರನೆಯ ಸಲ ‘(ನಗು)’ ಎಂದು ಟೈಪ್ ಮಾಡುವಾಗ ಶಿವದೇವಿಯ ಬೆರಳು ಕೀಬೋರ್ಡಿನ ಮೇಲೆ ಸ್ವಲ್ಪ ಜೋರಾಗಿಯೇ ಬಿತ್ತು.

ಕೆಲಸದ ನಿಯಮವೇ ಹಾಗಿತ್ತು. ಕ್ಯಾಸೆಟ್ಟಿನಲ್ಲಿ ಕೇಳಿದ್ದೆಲ್ಲ ಶೀಟಿಗೆ ಇಳಿಯಬೇಕು. ಯಾರಾದರೂ ಕೆಮ್ಮಿದರೆ ‘(ಕೆಮ್ಮು)’. ಸುಮ್ಮನಾದರೆ ‘(ಮೌನ)’, ಅದೂ ಎಷ್ಟು ಸೆಕೆಂಡೆಂದು ಎಣಿಸಿ. ನಕ್ಕರೆ ‘(ನಗು)’. ಆ ನಗು ಕೇಳಿದವರ ಹೊಟ್ಟೆಯೊಳಗೆ ಏನಾಯಿತು ಎಂದು ಬರೆಯಲು ಮಾತ್ರ ಶೀಟಿನಲ್ಲಿ ಕಾಲಂ ಇರಲಿಲ್ಲ.

ನಗುತ್ತಿದ್ದವಳು ಹರ್ಷಿತಾ. ಮಂಗಳೂರಿನ ಹುಡುಗಿ, ಆಫೀಸಿಗೆ ಬಂದು ಇನ್ನೂ ಎರಡು ತಿಂಗಳು. ನಗಿಸುತ್ತಿದ್ದವನು ಸೃಜನ್.

ಅದು ಎರಡು ಸಾವಿರದ ನಾಲ್ಕನೆಯ ಇಸವಿ. ಹೈದರಾಬಾದಿನಲ್ಲಿ ಕಂಡಕಂಡಲ್ಲಿ ಕಂಪ್ಯೂಟರ್ ಕಂಪನಿಗಳು ಏಳುತ್ತಿದ್ದ ಕಾಲ. ಶಿವದೇವಿಯ ಆಫೀಸು ಅಷ್ಟೇನೂ ಥಳಕಿನದಲ್ಲ. ಹಿಮಾಯತ್‌ನಗರದಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮೂರನೇ ಮಹಡಿ. ಕಂಪ್ಯೂಟರಿನೊಳಗಿನ ಇಂಗ್ಲಿಷನ್ನು ಕನ್ನಡ, ತೆಲುಗು, ಮರಾಠಿಗೆ ತರುವುದು ಅಲ್ಲಿನ ಕೆಲಸ. ಈಗ ಬಂದಿದ್ದು ಔಷಧಿ ಅಂಗಡಿಗಳಿಗಾಗಿ ಮಾಡಿದ ಸಾಫ್ಟ್‌ವೇರು. ಅಂಗಡಿಯವನು ಗಿರಾಕಿಯ ಎರಡು ಮಾತ್ರೆಗಳ ಹೆಸರು ಒತ್ತಿದರೆ, ಅವೆರಡನ್ನೂ ಒಟ್ಟಿಗೆ ನುಂಗಿದರೆ ಅಪಾಯವಿದೆಯೇ ಎಂದು ನೋಡಿ, ರೋಗಿಯ ಕೈಗೆ ಕನ್ನಡದಲ್ಲಿ ಒಂದು ಚೀಟಿ ಅಚ್ಚು ಮಾಡಿ ಕೊಡುತ್ತದೆ.

ಇಡೀ ಚೀಟಿ ನಿಂತಿದ್ದು ಒಂದೇ ಶಬ್ದದ ಮೇಲೆ. ‘ಇಂಟರ್‌ಆಕ್ಷನ್.’ ಒಂದು ಔಷಧಿ ಇನ್ನೊಂದರ ಮೇಲೆ, ಆ ಇನ್ನೊಂದು ಇದರ ಮೇಲೆ ಮಾಡುವ ಪ್ರಭಾವ. ನಿಘಂಟು ‘ಅಂತರ್‌ಕ್ರಿಯೆ’ ಎನ್ನುತ್ತಿತ್ತು. ಅದನ್ನು ಓದಿದ ರೋಗಿ ತನಗೆ ಕೊನೇ ಕ್ರಿಯೆಯೇ ಬಂತೆಂದು ಹೆದರಿಯಾನು ಎಂದು ಸೃಜನ್ ಅದನ್ನು ಕೈಬಿಟ್ಟಿದ್ದ. ಅವನು ಅನುವಾದಕ, ಮೈಸೂರಿನವನು. ‘ಪರಸ್ಪರ ಪ್ರಭಾವ’ ಎಂದು ಬರೆದಿದ್ದ. ಶಿವದೇವಿ ಅವನ ರಿವ್ಯೂವರ್. ಅದು ಭಾಷಣದ ಹಾಗಿದೆ ಎಂದು ಹೊಡೆದುಹಾಕಿ ‘ಒಡನಾಟ’ ಎಂದು ಹಾಕಿದ್ದಳು.

“ಕೇಳ್ರಿಲ್ಲೆ,” ಎಂದಿದ್ದಳು ಅವತ್ತು. ಏನು ಹೇಳುವುದಿದ್ದರೂ ಅವಳು ಶುರು ಮಾಡುವುದು ಹಾಗೆಯೇ. “ಒಬ್ಬರ ಕೂಡ ಒಬ್ಬರು ದಿನಾ ಇದ್ರ ಏನಾಕ್ಕೈತಿ? ಇವರಿಂದು ಅವರಿಗೆ, ಅವರಿಂದು ಇವರಿಗೆ ಬರ್ತೈತಿ. ಅದಕ್ಕ ಒಡನಾಟ ಅನ್ನೂದು. ಹೌದಲ್ರಿ?”

ಸೃಜನ್ ಪೆನ್ನನ್ನು ಗಲ್ಲಕ್ಕೆ ಒತ್ತಿಕೊಂಡು ಅವಳನ್ನೇ ನೋಡಿದ್ದ. ನೋಟ ಶಬ್ದದ ಮೇಲಿತ್ತೋ ಶಬ್ದ ಹೇಳಿದ ಬಾಯಿಯ ಮೇಲಿತ್ತೋ, ಅವಳು ವಾರಗಟ್ಟಲೆ ಯೋಚಿಸಿದ್ದಳು. “ಚೆನ್ನಾಗಿದೆ ಅಲ್ವಾ?” ಎಂದು ತನಗೆ ತಾನೇ ಹೇಳಿಕೊಂಡು, ಅವಳ ಶಬ್ದವನ್ನು ಉಳಿಸಿಕೊಂಡಿದ್ದ.

ಈಗ ಆ ಚೀಟಿಯನ್ನು ಹಿಡಿದು ಓದುಗರ ಪರೀಕ್ಷೆಗೆ ಹೋಗಿದ್ದರು. ಊರಲ್ಲಿರುವ ಸಾಮಾನ್ಯ ಕನ್ನಡದ ಜನಕ್ಕೆ ಚೀಟಿ ಓದಿ ಹೇಳಿ, ‘ಏನು ತಿಳೀತು, ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಿ ರೆಕಾರ್ಡ್ ಮಾಡುವುದು. ಪರೀಕ್ಷೆಗೆ ರಿವ್ಯೂವರ್ ಹೋಗುವಂತಿಲ್ಲ. ಅವಳ ಮುಖ ನೋಡಿ ಓದುಗರು ಉತ್ತರ ಬದಲಿಸುತ್ತಾರಂತೆ. ಆದ್ದರಿಂದ ಕೇಳುವುದಕ್ಕೆ ಸೃಜನ್, ರೆಕಾರ್ಡರ್ ಹಿಡಿಯುವುದಕ್ಕೆ ಹರ್ಷಿತಾ. ಶಿವದೇವಿಯ ಪಾಲಿಗೆ ಹೆಡ್‌ಫೋನು.

ಮೊದಲ ಕ್ಯಾಸೆಟ್ಟು ನಾಚಾರಂನದು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಲ್ಲಣ್ಣ ಎಂಬವರನ್ನು ಕೇಳಿದ್ದರು.

“ಒಡನಾಟ ಅಂದ್ರ ಛಲೋನ ಆತಲ್ರಿ?” ಮಲ್ಲಣ್ಣನ ದನಿ. “ಎರಡೂ ಗುಳಿಗಿ ದೋಸ್ತ್ ಅದಾವ ಅಂದಂಗಾತು. ಕೂಡೇ ನುಂಗೂದು!”

(ನಗು.)

“ಹಂಗಲ್ರಿ ಮಲ್ಲಣ್ಣ, ಕೇಳ್ರಿಲ್ಲೆ…” ಇದು ಸೃಜನ್.

(ನಗು.) (ನಗು.)

“ಸುಮ್ನಿರು ಮಾರಾಯ್ತಿ,” ಎಂದ ಸೃಜನ್, ನಗುವವಳಿಗೆ.

ಶಿವದೇವಿ ಕ್ಯಾಸೆಟ್ಟು ನಿಲ್ಲಿಸಿದಳು. ಕಿವಿ ಬಿಸಿಯಾಗಿತ್ತು. ‘ಕೇಳ್ರಿಲ್ಲೆ’ ಮೈಸೂರಿನವರ ಬಾಯಲ್ಲಿ ಹುಟ್ಟುವ ಮಾತಲ್ಲ. ಆ ಎಳೆತ, ಕೊನೆಗೆ ದನಿ ಏರುವ ರೀತಿ, ಎಲ್ಲ ತನ್ನದೇ. ಅವನು ತನ್ನ ಮಾತನ್ನು ಅಣಕಿಸುತ್ತಿದ್ದ. ಅಣಕಿಸಿ ಆ ಹುಡುಗಿಯನ್ನು ನಗಿಸುತ್ತಿದ್ದ. ಅದರ ಮೇಲೆ ‘ಮಾರಾಯ್ತಿ’ ಬೇರೆ! ಎರಡೇ ತಿಂಗಳಲ್ಲಿ ಮಂಗಳೂರು ಬಾಯಿಗೆ ಬಂದುಬಿಟ್ಟಿದೆ. ಅವಳಿಗೆ ‘ಇರು’, ತನಗೆ ಎರಡು ವರ್ಷದಿಂದಲೂ ‘ಬನ್ನಿ, ಕೂತ್ಕೊಳಿ, ಶಿವದೇವಿಯವರೇ’.

ಎಷ್ಟು ಗೌರವ! ಆ ಗೌರವವನ್ನು ಮೂರನೇ ಮಹಡಿಯಿಂದ ಕೆಳಗೆ ಎಸೆಯಬೇಕೆನ್ನಿಸಿತು ಅವಳಿಗೆ.

ಹರ್ಷಿತಾ ಬರುವ ಮೊದಲು ಹೀಗಿರಲಿಲ್ಲ. ಸಂಜೆ ನಾಲ್ಕಾದರೆ ಇಬ್ಬರೂ ಕೆಳಗಿನ ಇರಾನಿ ಹೋಟೆಲಿಗೆ ಇಳಿಯುತ್ತಿದ್ದರು. ಅವನು “ಟೀ ಕುಡಿಯೋಣ್ವಾ?” ಎನ್ನುವುದು, ಇವಳು “ನಡ್ರಿ, ಚಾ ಕುಡದು ಬರೋಣು” ಎನ್ನುವುದು. ಒನ್ ಬೈ ಟೂ, ಒಂದು ಉಸ್ಮಾನಿಯಾ ಬಿಸ್ಕತ್ತು. ಬಿಸ್ಕತ್ತು ಮುರಿಯುವವನು ಅವನು. ದೊಡ್ಡ ತುಂಡು ಯಾವಾಗಲೂ ಅವಳ ಕಡೆಗೇ ಬರುತ್ತಿತ್ತು. ಅವಳು ನೋಡದ ಹಾಗೆ ನೋಡುತ್ತಿದ್ದಳು. ಅವನು ನೋಡಿದ್ದನ್ನು ನೋಡದ ಹಾಗೆ ಚಹಾ ಊದುತ್ತಿದ್ದ.

ಈಗ ಟೂ ಬೈ ತ್ರೀ. ಲೆಕ್ಕ ಸರಿಯಾಗಿಯೇ ಇತ್ತು. ಎರಡು ಚಹಾ, ಮೂರು ಕಪ್ಪು, ಅವಳ ಪಾಲಿಗೆ ಮೊದಲಿಗಿಂತ ಹೆಚ್ಚೇ ಚಹಾ. ಆದರೂ ಕುಡಿದಂತೆ ಅನ್ನಿಸುತ್ತಿರಲಿಲ್ಲ.

ಮನೆಗೆ ಹೋದಾಗಲೂ ಮುಖ ಹಾಗೇ ಇತ್ತು. ಬರ್ಕತ್‌ಪುರದ ಮನೆಯಲ್ಲಿ ಅವ್ವ ಗುರುಬಾಯಿ ರೊಟ್ಟಿ ಬಡಿಯುತ್ತಿದ್ದಳು. ರಾಯಚೂರು ಬಿಟ್ಟು ಇಪ್ಪತ್ತು ವರ್ಷವಾದರೂ ರೊಟ್ಟಿಯ ಸಪ್ಪಳ ಬದಲಾಗಿರಲಿಲ್ಲ.

“ಯಾಕವಾ, ಮಾರಿ ಯಾಕ ಸಣ್ಣ ಮಾಡೀದಿ?”

“ಏನಿಲ್ಲ ಬೇ. ಕೆಲಸ ಜಾಸ್ತಿ. ದಿನಾ ಇರೋದೇ ಅಲ್ವಾ?”

ಗುರುಬಾಯಿಯ ಕೈ ನಿಂತಿತು. “ಏನಂದಿ?”

“ಏನಂದೆ?”

“ಅಲ್ವಾ ಅಂದಿ. ನಮ್ಮನ್ಯಾಗ ಯಾರೂ ಹಂಗ ಅನ್ನಂಗಿಲ್ಲ. ಹೌದಿಲ್ಲೋ ಅಂತೀವಿ. ಭಾಳ ದಿನ ಆತು, ಕೇಳಾಕತ್ತೀನಿ. ಮೊನ್ನೆ ಹಾಲಿನಾವಗೂ ‘ನೀರು ಜಾಸ್ತಿ ಅಲ್ವಾ’ ಅಂದಿ. ಇದನ್ನ ಎಲ್ಲಿಂದ ತಂದಿ?”

“ಆಫೀಸಿನಾಗ ಎಲ್ಲಾರೂ ಅಂತಾರ.”

“ಎಲ್ಲಾರೂ ಅಂತಾರೋ, ಒಬ್ಬಾಂವ ಅಂತಾನೋ?”

ಶಿವದೇವಿ ತವೆಯ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕಿ ಬೆರಳು ಸುಟ್ಟುಕೊಂಡಳು.

ಸುಟ್ಟ ಬೆರಳಿಗೂ ಮರುದಿನ ಬರೆದ ಟಿಪ್ಪಣಿಗೂ ಸಂಬಂಧವಿತ್ತೋ ಇಲ್ಲವೋ. ಅಂತೂ ಬೆಳಿಗ್ಗೆ ರಿವ್ಯೂ ಶೀಟಿನಲ್ಲಿ ಅವಳು ಬರೆದಳು: ‘ಅನುವಾದಕರ ಮಾತಿನ ಮೇಲೆ ಹೊಸ ಸಹೋದ್ಯೋಗಿಯ ಪ್ರಭಾವ ಹೆಚ್ಚಾಗಿದೆ. ಓದುಗರ ಭಾಷೆಯನ್ನು ಅಣಕಿಸುವ ಧಾಟಿ ಕಾಣುತ್ತದೆ. ಈ ಕೆಲಸಕ್ಕೆ ಬೇರೆ ಅನುವಾದಕರನ್ನು ಕೊಡಬೇಕು.’

ಮಧ್ಯಾಹ್ನಕ್ಕೆ ಅನುರಾಧಾ ಮೇಡಂ ಕರೆದರು. ಕನ್ನಡ ತಂಡದ ಮುಖ್ಯಸ್ಥೆ, ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವರು; ಸಿಟ್ಟು ಬಂದರೆ ಉರ್ದು, ಸಮಾಧಾನವಿದ್ದರೆ ಕನ್ನಡ.

“ಕ್ಯಾ ಹುವಾ ಶಿವದೇವಿ? ಎರಡು ವರ್ಷದಾಗ ಆ ಹುಡುಗನ ಮ್ಯಾಲ ಒಂದು ಕಂಪ್ಲೇಂಟ್ ಇಲ್ಲ ನಿಂದು. ಖರೇನ ಬ್ಯಾರೆಯವರು ಬೇಕೇನು?”

“ಹೌದ್ರಿ ಮೇಡಂ.”

“ಪಕ್ಕಾ?”

“ಪಕ್ಕಾ.”

“ಅಚ್ಛಾ. ಮಾದಾಪುರದ ಹೊಸ ಆಫೀಸಿನವರು ಒಬ್ಬರು ಕನ್ನಡದವರನ್ನ ಕೊಡ್ರಿ ಅಂತ ಜೀವಾ ತಿನ್ನಾಕತ್ತಾರ. ಸೋಮವಾರದಿಂದ ಸೃಜನ್ ಅಲ್ಲಿಗೆ ಹೋಗ್ಲಿ. ಹರ್ಷಿತಾನ್ನೂ ಅಲ್ಲೇ ಕಳಸೂದೈತಿ, ಜೋಡಿ ಆದಂಗಾತು.”

ಜೋಡಿ ಆದಂಗಾತು! ಶಿವದೇವಿ ಏನನ್ನೋ ಹೇಳಲು ಬಾಯಿ ತೆರೆದಳು. ಆದರೆ ಆಗಲೇ ಮೇಡಂ ಫೋನು ಎತ್ತಿಕೊಂಡಿದ್ದರು. ತನ್ನ ಕೈಯಾರೆ ಅವರಿಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸಿ, ಕಿಟಕಿ ಪಕ್ಕದ ಸೀಟು ಕೂಡ ಹಿಡಿದುಕೊಟ್ಟಂತಾಗಿತ್ತು.

ಸೃಜನ್ ಟಿಪ್ಪಣಿಯ ಪ್ರಿಂಟು ಹಿಡಿದುಕೊಂಡೇ ಅವಳ ಟೇಬಲ್ಲಿಗೆ ಬಂದ. ಸಿಟ್ಟಾಗಿರಲಿಲ್ಲ; ಅದೇ ಕಷ್ಟ.

“‘ಅಣಕಿಸುವ ಧಾಟಿ’ ಅಂತ ಬರ್ದಿದೀರ. ನಾನು ಯಾರನ್ನ ಅಣಕಿಸ್ದೆ, ಶಿವದೇವಿಯವರೇ?”

“ಕ್ಯಾಸೆಟ್ ಐತಿ. ನೀವ ಕೇಳ್ರಿ.”

“ಕೇಳ್ದೆ. ಎರಡು ಸಲ ಕೇಳ್ದೆ. ನನಗೇನೂ ತಪ್ಪು ಕೇಳಿಸಲಿಲ್ಲ.”

“ಕೇಳಸಂಗಿಲ್ರಿ. ಬಾಜೂಕ ನಗೂರು ಇದ್ರ ಏನೂ ಕೇಳಸಂಗಿಲ್ಲ.”

ಅವನ ಹುಬ್ಬು ಮೇಲೆ ಹೋಯಿತು. ತುಟಿಯ ಮೂಲೆಯಲ್ಲಿ ಏನೋ ಒಂದು ಹೊಳಪು ಬರಲು ನೋಡಿ, ಅವಳ ಮುಖ ಕಂಡು ಹಿಂದಕ್ಕೆ ಹೋಯಿತು. “ಹರ್ಷಿತಾ ನಗೋದು ನಿಮಗೆ ಬೇಜಾರಾ?”

“ನನಗ್ಯಾಕ ಬೇಜಾರು? ನಗಲಿ. ಹಲ್ಲು ಛಲೋ ಅದಾವ.”

ಅವನು ಪ್ರಿಂಟನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಹೋದ. ಅವತ್ತು ನಾಲ್ಕು ಗಂಟೆಗೆ ಯಾರೂ ಯಾರನ್ನೂ ಚಹಾಕ್ಕೆ ಕರೆಯಲಿಲ್ಲ.

ಶುಕ್ರವಾರ ಬಂತು. ಸೃಜನ್ ಡ್ರಾಯರು ಖಾಲಿ ಮಾಡುತ್ತಿದ್ದ. ಒಂದು ನಿಘಂಟು, ಒಂದು ಸ್ವೆಟರು, ಯಾವಾಗಲೋ ಅವಳೇ ಕೊಟ್ಟ ಶೇಂಗಾ ಚಟ್ನಿಪುಡಿಯ ಖಾಲಿ ಡಬ್ಬಿ. ಡಬ್ಬಿಯನ್ನು ಎಸೆಯುತ್ತಾನೇನೋ ಎಂದು ಅವಳು ಮಾನಿಟರಿನ ಪಕ್ಕದಿಂದ ನೋಡಿದಳು. ಎಸೆಯಲಿಲ್ಲ. ಸ್ವೆಟರಿನೊಳಗೆ ಸುತ್ತಿ ಬ್ಯಾಗಿಗೆ ಇಟ್ಟುಕೊಂಡ.

ಅವಳ ಮುಂದೆ ಎರಡನೆಯ ಕ್ಯಾಸೆಟ್ಟು ಇತ್ತು. ಸಂಜೆಯೊಳಗೆ ಟೈಪ್ ಮಾಡಿ ಶೀಟಿಗೆ ಹಾಕಬೇಕು. ಇದು ಕೋಠಿಯದು, ಪುಸ್ತಕದ ಅಂಗಡಿಗಳ ಹಿಂದಿನ ಓಣಿಯ ಸಾಬಮ್ಮ. ಯಾದಗಿರಿ ಕಡೆಯ ಮುದುಕಿ, ಬಿಪಿಗೊಂದು ಮಂಡಿನೋವಿಗೊಂದು ಮಾತ್ರೆ ತೆಗೆದುಕೊಳ್ಳುವವಳು. ಶಿವದೇವಿ ಹೆಡ್‌ಫೋನು ಹಾಕಿಕೊಂಡು, ನಗುವಿಗೆ ತಯಾರಾಗಿ ಹಲ್ಲು ಕಚ್ಚಿ ಬಟನ್ ಒತ್ತಿದಳು.

ಮೊದಲು ಕೇಳಿಸಿದ್ದು ಆಟೋಗಳ ಹಾರನ್ನು. ಆಮೇಲೆ ಹರ್ಷಿತಾ: “ಈ ‘ಒಡನಾಟ’ ಬಿಡುವ ಮಾರಾಯ. ನಾಚಾರಂನಲ್ಲಿ ಎಂತ ಆಯ್ತು ನೋಡಿದಿಯಲ್ಲ.”

“ಬೇಡ,” ಸೃಜನ್‌ನ ದನಿ. “ಅವ್ರು ಸುಮ್ಮಸುಮ್ಮನೆ ಒಂದು ಶಬ್ದ ಹಾಕಲ್ಲ. ಇನ್ನೊಬ್ಬರನ್ನ ಕೇಳೋಣ.”

ಶಿವದೇವಿಯ ಬೆರಳು ಕೀಬೋರ್ಡಿನ ಮೇಲೆ ನಿಂತವು.

“ಅಮ್ಮಾ, ಚೀಟಿ ಓದ್ತೀನಿ, ಕೇಳ್ರಿಲ್ಲೆ.” ಓದಿದ. “ಏನು ತಿಳೀತ್ರಿ?”

“ತಿಳೀದಂಥಾದ್ದು ಏನೈತಪಾ ಅದರಾಗ?” ಸಾಬಮ್ಮನ ದನಿ ಎಲೆ ಅಡಿಕೆಯೊಳಗಿಂದ ಬಂತು. “ಒಡನಾಟ ಆದಮ್ಯಾಲ ಒಂದರ ಗುಣ ಒಂದಕ್ಕ ಹತ್ತೂದ. ಛಲೋದೂ ಹತ್ತತೈತಿ, ಕೆಟ್ಟದ್ದೂ ಹತ್ತತೈತಿ. ಯಾವುದು ಹತ್ತತೈತಿ ಅಂತ ನನಗೇನು ಗೊತ್ತು? ಡಾಕ್ಟರಗ ಕೇಳಿ ನುಂಗಬೇಕು. ಇಷ್ಟ ಬರೀರಿ, ಸಾಕು.”

“ಭಾಳ ಛಲೋ ಹೇಳಿದ್ರಿ ಅಮ್ಮಾ. ನಾವು ಎರಡು ತಿಂಗಳಿಂದ ತಲಿ ಕೆಡಿಸ್ಕೊಂಡಿದ್ವಿ, ಹೌದಲ್ರಿ?”

(ನಗು.)

ಬಂತು. ಶಿವದೇವಿ ಕಣ್ಣು ಮುಚ್ಚಿದಳು.

“ತಮ್ಮಾ, ನಿಂದು ರಾಯಚೂರು ಕಡಿ ಏನು?” ಎಂದಳು ಸಾಬಮ್ಮ.

“ಅಲ್ಲಮ್ಮ, ಮೈಸೂರು.”

“ಸುಳ್ಳ ಹೇಳಬ್ಯಾಡ. ಮೈಸೂರಾವರು ‘ಕೇಳ್ರಿಲ್ಲೆ’ ಅಂತಾರೇನು? ‘ಹೌದಲ್ರಿ’ ಅಂತಾರೇನು?”

“ನಾನು? ನಾನೆಲ್ಲಿ ಹಾಗಂದೆ?”

(ನಗು.) “ಅಯ್ಯೋ ಮಾರಾಯ, ನಾಚಾರಂನಲ್ಲಿಯೂ ಇದೇ ಕಥೆ. ಅದಕ್ಕೇ ನನಗೆ ನಗು ತಡೆಯುವುದಿಲ್ಲ! ನಿನಗೆ ಗೊತ್ತೇ ಆಗುವುದಿಲ್ಲ ಅಲ್ಲ? ಬಾಯಿ ಬಿಟ್ಟರೆ ಥೇಟು ಶಿವದೇವಿಯವರು. ತಲೆ ಆಡಿಸುವುದು ಕೂಡ ಅವರ ಹಾಗೆಯೇ.”

“ಶಿವದೇವಿ ಅಂದ್ರ ಯಾರು?” ಸಾಬಮ್ಮ ಕೇಳಿದಳು. “ನಿನ್ನ ಮನ್ಯಾಕಿ ಏನು?”

ಆಮೇಲೆ ಯಾರೂ ಮಾತಾಡಲಿಲ್ಲ. ಫ್ಯಾನು ತಿರುಗುವ ಸದ್ದು. ದೂರದಲ್ಲಿ ಕಂಡಕ್ಟರೊಬ್ಬ ಅಫ್ಜಲ್‌ಗಂಜ್, ಅಫ್ಜಲ್‌ಗಂಜ್ ಎಂದು ಕೂಗಿದ. ಒಂದು ಸೈಕಲ್ಲಿನ ಗಂಟೆ.

“ಇನ್ನೂ ಇಲ್ಲಮ್ಮ,” ಎಂದ ಸೃಜನ್.

(ನಗು.) ಈ ಸಲ ನಕ್ಕವಳು ಸಾಬಮ್ಮ.

ಶಿವದೇವಿ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿದಳು. ಮೌನವನ್ನು ಎಣಿಸಬೇಕಿತ್ತಲ್ಲ, ನಿಯಮ. ಮೊದಲ ಸಲ ಒಂಬತ್ತು ಸೆಕೆಂಡು ಬಂತು. ಎರಡನೇ ಸಲ ಹದಿನಾಲ್ಕು. ಎಣಿಸಿದ್ದು ಗಡಿಯಾರವಲ್ಲ, ಅವಳ ಎದೆ. ಮೂರನೇ ಸಲ ಉಸಿರು ಬಿಗಿಹಿಡಿದು ಗೋಡೆ ಗಡಿಯಾರದ ಮುಳ್ಳು ನೋಡುತ್ತ ಎಣಿಸಿದಳು. ಟೈಪ್ ಮಾಡಿದಳು: ‘(ಮೌನ, ಹನ್ನೊಂದು ಸೆಕೆಂಡು.)’ ಅದರ ಕೆಳಗೆ, ‘ಇನ್ನೂ ಇಲ್ಲಮ್ಮ.’ ಕೇಳಿದ್ದೆಲ್ಲ ಶೀಟಿಗೆ ಇಳಿಯಬೇಕು.

ಅಣಕವಲ್ಲ. ಅವನಿಗೆ ತಿಳಿದೇ ಇರಲಿಲ್ಲ. ಎರಡು ವರ್ಷ ಎದುರಿಗೆ ಕೂತು ಕೂತು, ಅವಳ ಮಾತು ಅವನ ಬಾಯಿಗೆ ಹೋಗಿ ಮನೆ ಮಾಡಿಕೊಂಡಿತ್ತು. ‘ಮಾರಾಯ್ತಿ’ ಅವನಿಗೆ ಯಾವಾಗ ಬೇಕೋ ಆವಾಗ ಹಾಕಿ ತೆಗೆಯುವ ಟೊಪ್ಪಿಗೆ. ‘ಕೇಳ್ರಿಲ್ಲೆ’ ಹಾಗಲ್ಲ. ಅದು ಅವನಿಗೇ ಕೇಳಿಸುತ್ತಿರಲಿಲ್ಲ.

ಅವಳಿಗೆ ಅವ್ವ ಹೇಳಿದ ಹಾಲಿನವನು ನೆನಪಾದ. ‘ನೀರು ಜಾಸ್ತಿ ಅಲ್ವಾ.’ ನಗು ಬಂತು, ಅದರ ಹಿಂದೆಯೇ ನಾಚಿಕೆ. ಆ ಹುಡುಗಿಯ ಬಗ್ಗೆ ಏನೆಲ್ಲ ಅಂದುಕೊಂಡೆ! ತಾನು ಬರೆದ ಟಿಪ್ಪಣಿ ಶೀಟಿನಲ್ಲಿ ಇನ್ನೂ ಹಾಗೇ ಕೂತಿತ್ತು. ಇಡೀ ಕನ್ನಡ ತಂಡ ಓದುವ ಶೀಟು ಅದು. ಒಳಗೊಳಗೇ ಅಳಿಸಿಬಿಡಬಹುದಿತ್ತು. ಆದರೆ ಎಲ್ಲರೆದುರು ಹಾಕಿದ ತಪ್ಪನ್ನು ಒಬ್ಬಳೇ ಕೂತು ಅಳಿಸುವುದು ಅವಳಿಗೆ ಸರಿ ಕಾಣಲಿಲ್ಲ.

ಹೊಸ ಸಾಲು ತೆರೆದು ಬರೆದಳು:

‘ತಿದ್ದುಪಡಿ. ಅನುವಾದಕರು ಯಾರನ್ನೂ ಅಣಕಿಸಿಲ್ಲ. ಅವರ ಮಾತಿನ ಮೇಲೆ ಕಾಣುವ ಪ್ರಭಾವ ಹೊಸ ಸಹೋದ್ಯೋಗಿಯದಲ್ಲ, ರಿವ್ಯೂವರ್‌ದು. ಹರ್ಷಿತಾ ಅವರ ಕ್ಷಮೆ ಕೇಳುತ್ತೇನೆ. ರಿವ್ಯೂವರ್ ಮಾತಿನ ಮೇಲೂ ಅನುವಾದಕರ ಪ್ರಭಾವ ಆಗಿದೆ, ಮನೆಯವರು ಗುರುತಿಸಿದ್ದಾರೆ. ಇದು ಎರಡು ವರ್ಷದಿಂದ ನಡೆದಿದೆ. ನಿಲ್ಲಿಸುವ ಮನಸ್ಸು ರಿವ್ಯೂವರ್‌ಗೆ ಇಲ್ಲ. ಶಿವದೇವಿ.’

‘ಸೇವ್’ ಒತ್ತಿದಳು.

ಪ್ರತಿ ಟಿಪ್ಪಣಿಯ ಪಕ್ಕ ಅನುವಾದಕ ಉತ್ತರ ಕೊಡಬೇಕು. ಅದಕ್ಕೆ ಮೂರೇ ಆಯ್ಕೆ: ‘ಒಪ್ಪಿದೆ’, ‘ಒಪ್ಪಿಲ್ಲ’, ‘ಚರ್ಚಿಸಬೇಕು’. ಶಿವದೇವಿ ಆ ಖಾಲಿ ಚೌಕವನ್ನೇ ನೋಡುತ್ತ ಕೂತಳು. ಮೊದಲು ಬಂದಿದ್ದು ಇಂಟರ್‌ಕಾಮ್.

“ಅರೇ ಶಿವದೇವಿ, ಇದು ರಿವ್ಯೂ ಶೀಟೋ, ಲಗ್ನಪತ್ರಿಕೆಯೋ?”

“ಸಾರಿ ಮೇಡಂ…”

“ಸಾರಿ ಛೋಡೋ. ಮಾದಾಪುರಕ್ಕೆ ಆರ್ಡರ್ ಹೋಗಿಬಿಟ್ಟೈತಿ, ಅದನ್ನ ತಿದ್ದಾಕ ನನಗ ಕಾಲಂ ಇಲ್ಲ. ಆರು ತಿಂಗಳು ಅವ ಅಲ್ಲೇ ಇರಬೇಕು.” ಸ್ವಲ್ಪ ತಡೆದು, “ಬಸ್ ಅದಾವ,” ಎಂದು ಫೋನಿಟ್ಟರು.

ಆಮೇಲೆ ಹರ್ಷಿತಾ ಬಂದಳು, ಕೈಕಟ್ಟಿಕೊಂಡು.

“ಎಂತ ಶಿವದೇವಿಯವರೇ! ನನ್ನನ್ನು ಒಂದು ಮಾತು ಕೇಳಿದ್ದರೆ ನಾಚಾರಂನ ದಿನವೇ ಹೇಳ್ತಿದ್ದೆ. ಈ ಸೃಜನ್ ಎಂಬ ಜನ ಬಸ್ಸಲ್ಲಿ ಹೋಗುವಾಗ ನಿಮ್ಮ ಶಬ್ದದ ಬಗ್ಗೆಯೇ ಮಾತಾಡಿ ನನ್ನ ತಲೆ ತಿಂದದ್ದು.”

“ತಪ್ಪಾತವಾ,” ಎಂದಳು ಶಿವದೇವಿ. “ನಿನ್ನ ನಗು ಕೇಳಿ ಕೇಳಿ ನನಗ…”

“ಹೊಟ್ಟೆ ಉರೀತು?”

“ಭಾಳ.”

ಹರ್ಷಿತಾ ನಕ್ಕಳು. ಅದೇ ನಗು. ಈ ಸಲ ಅದರಲ್ಲಿ ಯಾವ ಮುಳ್ಳೂ ಇರಲಿಲ್ಲ. ಹಲ್ಲು ನಿಜಕ್ಕೂ ಚೆನ್ನಾಗಿದ್ದವು.

ಅಷ್ಟರಲ್ಲಿ ಶೀಟಿನ ಚೌಕ ತುಂಬಿತು. ಶಿವದೇವಿ ಓದಿದಳು.

‘ಚರ್ಚಿಸಬೇಕು.’

ತಲೆ ಎತ್ತಿದರೆ ಸೃಜನ್ ಎದುರಿಗೇ ನಿಂತಿದ್ದ. ಮುಖ ಗಂಭೀರವಾಗಿತ್ತು, ಆದರೆ ಅವತ್ತು ಹಿಂದಕ್ಕೆ ಹೋಗಿದ್ದ ಆ ಹೊಳಪು ಈಗ ತುಟಿಯ ಮೂಲೆಗೆ ಬಂದು, ಮರ್ಯಾದೆ ಬಿಟ್ಟು ಕೂತಿತ್ತು.

“ಏನು ಚರ್ಚೆ ಮಾಡೂದೈತಿ?” ಎಂದಳು ಅವಳು, ದನಿ ಗಟ್ಟಿ ಮಾಡಿಕೊಂಡು.

“ಚಾ ಕುಡದು ಬರೋಣು, ನಡ್ರಿ,” ಎಂದ ಅವನು.

ಹರ್ಷಿತಾ ಅವನ ಕಡೆ ಬೆರಳು ತೋರಿಸಿ ಬಾಯಿ ಮುಚ್ಚಿಕೊಂಡಳು. ಅವನಿಗೆ ಈಗಲೂ ಗೊತ್ತಾಗಿರಲಿಲ್ಲ. “ಏನು? ಏನಂದೆ ನಾನು?”

“ಏನಿಲ್ಲ ಮಾರಾಯ. ನೀವಿಬ್ಬರು ಹೋಗಿ. ನನಗೆ ಟೀ ಬೇಡ.”

ಇರಾನಿ ಹೋಟೆಲಿನಲ್ಲಿ ಮೂಲೆಯ ಮೇಜು ಖಾಲಿ ಇತ್ತು. ಒನ್ ಬೈ ಟೂ ಬಂತು. ಸೃಜನ್ ಬಿಸ್ಕತ್ತು ಮುರಿಯಲು ಹೋದ. ಅವಳು ಅವನ ಕೈಯಿಂದ ತೆಗೆದುಕೊಂಡು ತಾನೇ ಮುರಿದು, ದೊಡ್ಡ ತುಂಡನ್ನು ಅವನ ಕಡೆಗೆ ಸರಿಸಿದಳು. ಅವನು ತುಂಡನ್ನು ನೋಡಿದ, ಅವಳ ಸುಟ್ಟ ಬೆರಳನ್ನು ನೋಡಿದ.

“ಇದೇನಾಯ್ತು?”

“ರೊಟ್ಟಿ ಹೊಳ್ಳಿಸಿ ಹಾಕುವಾಗ. ನಿಮ್ಮಿಂದನ.”

“ನನ್ನಿಂದ?”

“ಅವ್ವ ನಿಮ್ಮ ಮಾತು ಹಿಡದಿದ್ಲು, ನನ್ನ ಬಾಯಾಗ.” ಕಪ್ಪಿನೊಳಗೆ ನೋಡುತ್ತ ಹೇಳಿದಳು. “ಸೋಮವಾರದಿಂದ ಮಾದಾಪುರ. ದೂರ ಅಲ್ವಾ?”

“ದೂರ ಹೌದಲ್ರಿ,” ಎಂದ ಅವನು.

ಈ ಸಲ ಇಬ್ಬರಿಗೂ ಕೇಳಿಸಿತು. ಇಬ್ಬರೂ ಒಟ್ಟಿಗೆ ತಲೆ ಎತ್ತಿದರು. ಅವನ ಕಿವಿ ನಿಧಾನಕ್ಕೆ ಕೆಂಪಾಗುವುದನ್ನು ಅವಳು ಮೊದಲ ಸಲ, ನೋಡದ ಹಾಗೆ ಅಲ್ಲ, ನೇರವಾಗಿಯೇ ನೋಡಿದಳು.

“ಸಂಜೆ ಆರಕ್ಕೆ ಬಸ್ಸು ಹಿಡಿದ್ರೆ ಏಳೂವರೆಗೆ ಇಲ್ಲಿರ್ತೀನಿ,” ಎಂದ. “ದಿನಾ.”

“ಆರು ತಿಂಗಳು?”

“ಆಮೇಲೂ.” ಕಪ್ಪನ್ನು ಅತ್ತಿತ್ತ ತಿರುಗಿಸಿದ. “ಶಿವದೇವಿಯವರೇ, ಇನ್ಮೇಲೆ ‘ನೀನು’ ಅನ್ನಬಹುದಾ?”

“ಅನ್ರಿ.”

“ನೀನೂ ಅಂತೀಯಾ?”

ಅವಳು ಚಹಾ ಊದಿದಳು. ಒಂದು ಗುಟುಕು ಕುಡಿದಳು. ಆಮೇಲೆ, ಕೋಠಿಯ ಓಣಿಯಲ್ಲಿ ಅವನು ಹೇಳಿದ ಅದೇ ಧಾಟಿಯಲ್ಲಿ, ಒಂದು ಅಕ್ಷರವೂ ತಪ್ಪದೆ ಹೇಳಿದಳು:

“ಇನ್ನೂ ಇಲ್ಲಮ್ಮ.”

ಸೃಜನ್‌ನ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಬಿತ್ತು. ಅವನು ಅದನ್ನು ತೆಗೆಯಲೂ ಇಲ್ಲ, ಮಾತಾಡಲೂ ಇಲ್ಲ. ಅವಳೂ ಮಾತಾಡಲಿಲ್ಲ. ಎಷ್ಟು ಹೊತ್ತೋ. ಸೆಕೆಂಡು ಎಣಿಸುವ ಕೆಲಸ ಅವತ್ತು ಯಾರಿಗೂ ಇರಲಿಲ್ಲ.